ಯಾರ ಕಾಲಿನ ವಿಷ ಇದು?

ಮಾತ್ರೆಯ ಹೊತ್ತಾಯಿತೆಂದರೆ ಆ ಮನೆಯಲ್ಲಿ ಜಗಳ ಗ್ಯಾರಂಟಿ.

"ನನ್ನ ಹೊಟ್ಟೆ ಏನು ಔಷಧಿ ಅಂಗಡಿನಾ?" ಎಂದು ಅತ್ತೆ ಮುಖ ತಿರುಗಿಸುವುದು. "ನುಂಗಿಬಿಡಿ ಅತ್ತೆ, ಹೊರಗೆ ಗಿರಾಕಿ ಕಾಯ್ತಿದ್ದಾರೆ" ಎಂದು ಸೊಸೆ ನೀರಿನ ಲೋಟ ಹಿಡಿದು ನಿಲ್ಲುವುದು. ಅತ್ತೆಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆಯ ಮೇಲೆ ಅದಕ್ಕಿಂತ ಹಳೆಯ ಸಿಟ್ಟು.

ಸೊಸೆಯನ್ನು ಬೀದಿಯವರೆಲ್ಲ ಪಂಕ್ಚರ್ ಅಕ್ಕ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಕಟಿಂಗ್ ಶಾಪಿಗೆ ಅಂಟಿಕೊಂಡು ಅವಳ ಪಂಕ್ಚರ್ ಅಂಗಡಿ. ಗಂಡ ಲಾರಿ ಓಡಿಸುವವನು, ಮನೆಗಿಂತ ದಾರಿಯಲ್ಲೇ ಹೆಚ್ಚು. ಮುಂದೆ ಟೈರು, ಹಿಂದೆ ಒಲೆ, ನಡುವೆ ಅತ್ತೆಯ ಮಂಚ. ಅಲ್ಲಿ ಕೂತೇ ಅತ್ತೆ ಎರಡೂ ಕಡೆಗೆ ಆಡಳಿತ ನಡೆಸುತ್ತಿದ್ದರು. "ಗಾಳಿ ಜಾಸ್ತಿ ಹೊಡೀಬೇಡ ಕಣೇ!" ಎಂದು ಮುಂದಕ್ಕೆ, "ಒಲೆ ಸಣ್ಣ ಮಾಡೇ!" ಎಂದು ಹಿಂದಕ್ಕೆ.

ಈಚೆಗೆ ಆ ದನಿ ಇಳಿದಿತ್ತು. ಅತ್ತೆಗೆ ಸುಸ್ತು. ನಾಲ್ಕು ಹೆಜ್ಜೆ ನಡೆದರೆ ಕೂರಬೇಕು ಅನ್ನಿಸುತ್ತಿತ್ತು. ಅಂಥ ಹೊತ್ತಿನಲ್ಲಿ ಬೀದಿಗೆ ಬಂದವರು ಕ್ಲೀನ್ ಮೇಡಂ.

ಅವರ ನಿಜ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಮಾತೆತ್ತಿದರೆ "ಬಾಡಿ ಕ್ಲೀನ್ ಆಗ್ಬೇಕು" ಎನ್ನುತ್ತಿದ್ದರಿಂದ ಕಟಿಂಗ್ ಶಾಪಿನವನು ಇಟ್ಟ ಹೆಸರು ಅದು. ಬೀದಿ ತುದಿಯ ಸಮಾರಂಭದ ಹಾಲನ್ನು ಬಾಡಿಗೆಗೆ ಹಿಡಿದು ವಾರವಾರ ಜನರನ್ನು ಸೇರಿಸುತ್ತಿದ್ದರು.

"ನೀವು ತಿನ್ನೋದೆಲ್ಲಾ ವಿಷ ಅಮ್ಮಾ. ಅಕ್ಕಿ ವಿಷ, ಹಾಲು ವಿಷ, ಎಣ್ಣೆ ವಿಷ. ನಲವತ್ತು ವರ್ಷದ ವಿಷ ನಿಮ್ಮ ಮೈಯಲ್ಲಿ ಕೂತಿದೆ. ಸುಸ್ತಾಗದೆ ಇನ್ನೇನಾಗುತ್ತೆ?"

ಹೀಗೆಂದು, ಹಾಲಿಗೆ ಹೋದ ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ, ಬಿಸಿನೀರಿನ ಟಬ್ಬಿಗೆ ಉಪ್ಪು ಹಾಕಿ, ಕಾಲು ಇಳಿಸಿ ಎಂದರು. ನೀರಿನಲ್ಲಿ ಒಂದು ಮೆಷಿನ್ ಇತ್ತು, ವೈರು ಗೋಡೆಯ ಪ್ಲಗ್ಗಿಗೆ. ಸ್ವಿಚ್ ಹಾಕಿ ಸ್ವಲ್ಪ ಹೊತ್ತಿಗೆ ನೀರು ಹಳದಿಯಾಯಿತು. ಆಮೇಲೆ ಕಂದು. ಕೊನೆಗೆ ಮೇಲೆ ನೊರೆ, ಕೆಳಗೆ ಚರಟ.

"ನೋಡಿ, ನಿಮ್ಮ ಕಾಲಿಂದ ಇಳಿದ ವಿಷ!"

ಅತ್ತೆ ಬೆರಗಾಗಿ ಮನೆಗೆ ಬಂದರು. ಕೈಯಲ್ಲಿ ಒಂದು ಪುಡಿ ಡಬ್ಬ, ತಲೆಯಲ್ಲಿ ಒಂದು ಕಟ್ಟಪ್ಪಣೆ: ಊಟ ಬಿಟ್ಟು ಹಣ್ಣಿನ ರಸ, ರಸಕ್ಕೆ ಪುಡಿ, ವಾರಕ್ಕೆ ಒಂದು ಸಲ ಟಬ್ಬು. ಮಾತ್ರೆಯೂ ವಿಷವೇ, ಅದೂ ಬಂದ್.

"ಅತ್ತೆ, ಡಾಕ್ಟರನ್ನ ಒಂದು ಮಾತು ಕೇಳೋಣ" ಎಂದಳು ಪಂಕ್ಚರ್ ಅಕ್ಕ.

"ಡಾಕ್ಟರು ಇಷ್ಟು ವರ್ಷ ಮಾತ್ರೆ ಕೊಟ್ರು, ಒಂದು ತೊಟ್ಟು ವಿಷ ತೆಗೆದು ತೋರಿಸಿದ್ರಾ? ಆ ಮೇಡಂ ತೋರಿಸಿದ್ರು. ಕಣ್ಣಾರೆ ನೋಡಿದೀನಿ ಕಣೇ!"

ಪಂಕ್ಚರ್ ಅಕ್ಕ ಅಂಗಡಿಯ ಕಡೆ ಬಂದಳು. ಗಂಡನಿಗೆ ಫೋನ್ ಮಾಡಿದರೆ ಅವನು, "ಅಮ್ಮಂಗೆ ಎದುರು ಮಾತಾಡೋಕೆ ನನಗೆ ಧೈರ್ಯ ಇಲ್ಲ, ನಿನಗಿದ್ರೆ ನೋಡು" ಎಂದು ನಕ್ಕು ಇಟ್ಟುಬಿಟ್ಟ.

ಮೊದಲ ದಿನಗಳಲ್ಲಿ ಅತ್ತೆ ಹಗುರವಾದಂತೆ ಕಂಡರು. ಹೊಟ್ಟೆ ಖಾಲಿ ಇದ್ದರೆ ಯಾರಿಗಾದರೂ ಹಗುರವೇ. ಆಮೇಲೆ ಬಾಯಾರಿಕೆ ಶುರುವಾಯಿತು. ಎಷ್ಟು ನೀರು ಕುಡಿದರೂ ತೀರದು. ಬಚ್ಚಲಿಗೆ ಹೋಗಿ ಬಂದು ಮಂಚ ಹತ್ತುವಷ್ಟರಲ್ಲಿ ಮತ್ತೆ ಹೋಗಬೇಕು. ಫೋನಿನಲ್ಲಿ ಕೇಳಿದರೆ ಮೇಡಂ, "ಒಳ್ಳೇದು, ವಿಷ ಹೋಗ್ತಾ ಇದೆ" ಎಂದರು.

ಮತ್ತೊಂದು ಸಲ ಟಬ್ಬಿಗೆ ಹೋಗಿ ಬಂದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ಹಾಸಿಗೆಯ ಬಟ್ಟೆ ಒಗೆಯಲು ಎಳೆದಾಗ ಪಂಕ್ಚರ್ ಅಕ್ಕನಿಗೆ ಕಾಲ್ದೆಸೆಯಲ್ಲಿ ಕಲೆ ಕಂಡಿತು. ಒದ್ದೆ ಕಲೆ, ವಾಸನೆ ಬೇರೆ. ಅತ್ತೆಯ ಕಾಲೆತ್ತಿ ನೋಡಿದರೆ ಅಂಗಾಲಿನಲ್ಲಿ ದೊಡ್ಡ ಬೊಬ್ಬೆಯೊಡೆದು ಚರ್ಮ ಕಿತ್ತು ಬಂದಿದೆ. ಹೆಬ್ಬೆರಳು ಊದಿ ನೇರಳೆಗೆ ತಿರುಗಿದೆ.

"ಅಯ್ಯೋ ಅತ್ತೆ! ಸುಟ್ಟಿದೆಯಲ್ಲ ಇದು! ನೋವಾಗ್ಲಿಲ್ವಾ?"

"ಎಲ್ಲಿ ನೋವು? ಏನೂ ಇಲ್ಲ ಕಣೇ" ಎಂದರು ಅತ್ತೆ ಬಗ್ಗಿ ನೋಡುತ್ತಾ.

ಗಾಯಕ್ಕಿಂತ ಆ ಮಾತಿಗೇ ಅವಳು ಹೆಚ್ಚು ಹೆದರಿದ್ದು. ಅರ್ಧ ಬಿಚ್ಚಿದ ಚಕ್ರವನ್ನು ಹಾಗೇ ಬಿಟ್ಟು, ಅಂಗಡಿಯ ಷಟರ್ ಎಳೆದು, ಅತ್ತೆಯನ್ನು ಆಟೋದಲ್ಲಿ ಕೂರಿಸಿ ಆರೋಗ್ಯ ಕೇಂದ್ರಕ್ಕೆ ಓಡಿದಳು.

ಅಲ್ಲಿನ ನರ್ಸಮ್ಮ ಬೆರಳಿನ ತುದಿಯಿಂದ ಒಂದು ಹನಿ ರಕ್ತ ತೆಗೆದು ಮೀಟರಿಗೆ ಹಾಕಿದರು. ಅಂಕಿ ನೋಡಿದವರೇ ಡಾಕ್ಟರನ್ನು ಕೂಗಿದರು. ಡಾಕ್ಟರು ನೋಡಿದವರೇ ದೊಡ್ಡಾಸ್ಪತ್ರೆಗೆ ಕಳಿಸಿದರು. ಸಕ್ಕರೆ ನೆತ್ತಿಗೇರಿ ಕೂತಿತ್ತು, ಗಾಯಕ್ಕೆ ಕೀವು ಹತ್ತಿತ್ತು. ದೊಡ್ಡಾಸ್ಪತ್ರೆಯವರು ಬೆರಳು ಉಳಿಯುವುದೋ ಇಲ್ಲವೋ ಹೇಳಲಾಗದು ಎಂದರು. ಲಾರಿಯನ್ನು ಬೇರೆಯವರ ಕೈಗೆ ಕೊಟ್ಟು ಗಂಡ ಓಡಿ ಬಂದ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು.

"ಎದುರು ಮಾತಾಡಿದ್ರೆ ಬಯ್ತಾ ಇದ್ರು, ಅಷ್ಟೇ ತಾನೇ" ಎಂದಳು ಅವಳು. "ಬೈಸ್ಕೊಂಡಿದ್ರೆ ಆಗ್ತಿತ್ತು."

ಗಂಡ ಎದ್ದು ವಾರ್ಡಿನ ಬಾಗಿಲ ಕಡೆ ನಡೆದ.

ಬೆರಳು ಉಳಿಯಿತು. ಕಾಲಿಗೆ ಕಟ್ಟು ಹಾಕಿಸಿಕೊಂಡು ಅತ್ತೆ ಮನೆಗೆ ಬಂದರು. ಪಟ್ಟಿ ಬದಲಾಯಿಸಲು ನರ್ಸಮ್ಮ ಮನೆಗೇ ಬರತೊಡಗಿದರು. ಪಟ್ಟಿ ಬಿಚ್ಚುವ ಹೊತ್ತಿಗೆ ಮಾತೂ ಬಿಚ್ಚುತ್ತಿತ್ತು.

"ಸಕ್ಕರೆ ಕಾಯಿಲೆ ಹಳೇದಾದ್ರೆ ಕಾಲು ಮರಗಟ್ಟುತ್ತೆ ಅಮ್ಮ. ನೀರು ಸುಡ್ತಾ ಇದ್ರೂ ತಿಳಿಯೋದಿಲ್ಲ. ಟಬ್ಬಿನ ನೀರು ಸುಟ್ಟಿದೆ, ನಿಮಗೆ ಗೊತ್ತೇ ಆಗಿಲ್ಲ. ಅದರ ಮೇಲೆ ಮಾತ್ರೆ ಬಿಟ್ರಿ. ಹಣ್ಣಿನ ರಸ ಲೋಟಗಟ್ಟಲೆ ಕುಡಿದ್ರಿ. ಅದು ಬರೀ ಸಕ್ಕರೆ ಕುಡಿದ ಹಾಗೆ."

"ಅದು ಸರಿ. ಆದ್ರೆ ಮೈಯಲ್ಲಿ ವಿಷ ಇತ್ತಲ್ಲ? ಅದನ್ನ ತೆಗೆಯೋದು ಹೇಗೆ?" ಎಂದರು ಅತ್ತೆ. ಸೋಲುವ ಹೆಂಗಸಲ್ಲ.

"ಯಾವ ವಿಷ ಅಮ್ಮ? ಹೆಸರು ಏನಂತೆ?"

"ಹೆಸರು... ವಿಷ ಅಂದ್ರೆ ವಿಷ."

"ಅವರು ಹೆಸರು ಹೇಳೋದಿಲ್ಲ. ಹೇಳಿದ್ರೆ ರಕ್ತದಲ್ಲಿ ಇದೆಯೋ ಇಲ್ವೋ ಅಂತ ಪರೀಕ್ಷೆ ಮಾಡಿಬಿಡಬಹುದಲ್ಲ! ನೋಡಿ, ನಮ್ಮೊಳಗೆ ದಿನಾ ಕಸ ಹುಟ್ಟುತ್ತೆ, ನಿಜ. ಅದನ್ನ ಗುಡಿಸೋಕೆ ಪಿತ್ತಜನಕಾಂಗ ಇದೆ, ಮೂತ್ರಪಿಂಡ ಇದೆ. ರಜೆ ಇಲ್ಲದೆ ದುಡಿತಾವೆ. ಅವು ಕೈಕೊಟ್ರೆ ಆಸ್ಪತ್ರೆನೇ ಗತಿ, ರಸದಿಂದ ಆಗೋ ಕೆಲಸ ಅಲ್ಲ. ಅವು ಚೆನ್ನಾಗಿದ್ರೆ ರಸ, ಪುಡಿ ಯಾವುದೂ ಬೇಕಾಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಪಂಕ್ಚರ್ ಅಕ್ಕ ಉಬ್ಬಿ ಹೋದಳು. "ನಾನು ಮೊದಲೇ ಹೇಳಿದ್ದೆ! ಹಾಗಾದ್ರೆ ಊಟದಲ್ಲಿ ವಿಷ ಅನ್ನೋದೇ ಸುಳ್ಳು, ಅಲ್ವಾ ನರ್ಸಮ್ಮ?"

"ಸುಳ್ಳಲ್ಲ" ಎಂದರು ನರ್ಸಮ್ಮ. "ಬೂಸ್ಟು ಹಿಡಿದ ಕಾಳಲ್ಲಿ, ಕಡಲೆಕಾಯಲ್ಲಿ ವಿಷ ಇರುತ್ತೆ. ತೊಳೆದ್ರೂ ಹುರಿದ್ರೂ ಪೂರ್ತಿ ಹೋಗಲ್ಲ, ಎಸೀಬೇಕು. ತರಕಾರಿ ಮೇಲೆ ಹೊಡೆದ ಔಷಧಿ ಉಳಿದಿರಬಹುದು, ಹರಿಯೋ ನೀರಲ್ಲಿ ಚೆನ್ನಾಗಿ ತೊಳೀಬೇಕು. ಇದೆಲ್ಲಾ ಬಾಯಿಗೆ ಹೋಗೋ ಮುಂಚೆ ತಡೆಯೋ ವಿಷಯ. ಒಳಗೆ ಹೋದ ಮೇಲೆ ಪುಡಿ ಕುಡಿದು ಎಳೆದು ಹಾಕೋಕಾಗಲ್ಲ." ಆಮೇಲೆ ಅಂಗಡಿಯ ಕಡೆ ಬೆರಳು ತೋರಿಸಿ, "ಅದು ಏನು?" ಎಂದರು.

ಬೆಂಚಿನ ಮೇಲೆ ಒಂದು ದಪ್ಪ ಬಿಳಿ ಕ್ಯಾನು.

"ಕುಡಿಯೋ ನೀರು. ಗಟ್ಟಿ ಕ್ಯಾನು, ಬಿದ್ರೂ ಒಡೆಯಲ್ಲ."

"ಮುಂಚೆ ಅದರಲ್ಲಿ ಏನಿತ್ತು?"

ಪಂಕ್ಚರ್ ಅಕ್ಕ ಕ್ಯಾನಿನತ್ತ ತಿರುಗಿದಳು. "ಬ್ಯಾಟರಿ ಆಸಿಡ್ಡು. ಆದ್ರೆ ಮೂರು ಸಲ ತೊಳೆದಿದ್ದೆ..."

"ಈ ಮನೆಯಲ್ಲಿ ವಿಷ ಹುಡುಕೋದಾದ್ರೆ ಅಲ್ಲಿಂದ ಶುರು ಮಾಡಿ. ಮಸಿ ಕೈಯಲ್ಲೇ ಊಟಕ್ಕೆ ಕೂರ್ತೀರಲ್ಲ, ಅದನ್ನೂ ಬಿಡಿ. ಸೋಪು ಹಾಕಿ ಉಜ್ಜಿ ತೊಳೀರಿ."

ಅತ್ತೆಗೆ ಎಲ್ಲಿಲ್ಲದ ಖುಷಿ. "ಕೇಳಿಸ್ತೇನೇ?" ಎಂದು ಮಂಚದ ಮೇಲಿಂದ ಕೂಗಿದರು. ಕ್ಯಾನು ಆಗಲೇ ಅಲ್ಲಿಂದ ಹೊರಬಿತ್ತು. ಅದನ್ನು ಬೇರೆ ಯಾರೂ ನೀರಿಗೆ ಬಳಸದ ಹಾಗೆ ಪಂಕ್ಚರ್ ಅಕ್ಕ ನಡುವಿಗೆ ಕತ್ತರಿಸಿಬಿಟ್ಟಳು.

ಆದರೂ ಅತ್ತೆಗೆ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿತ್ತು. "ನೀವು ಏನೇ ಹೇಳಿ ನರ್ಸಮ್ಮ. ನೀರು ಕಂದು ಆಗಿದ್ದು ನಾನು ಕಣ್ಣಾರೆ ನೋಡಿದೀನಿ. ಅದು ಎಲ್ಲಿಂದ ಬಂತು?"

"ಆ ಮೆಷಿನ್ನಿನಲ್ಲಿ ಕಬ್ಬಿಣದ ತಗಡು ಇರುತ್ತೆ. ಉಪ್ಪು ನೀರಲ್ಲಿ ಅದಕ್ಕೆ ಕರೆಂಟ್ ಬಿಟ್ರೆ ತುಕ್ಕು ಬಿಡುತ್ತೆ. ನಂಬೋಕಾಗದಿದ್ರೆ ಕಾಲು ಇಡದೆ ಮೆಷಿನ್ ಹಾಕಿಸಿ ನೋಡಿ."

"ನೋಡೇ ನೋಡ್ತೀನಿ" ಎಂದರು ಅತ್ತೆ. "ನೀರು ತಿಳಿಯಾಗೇ ಇತ್ತೋ, ನಿಮ್ಮ ಮಾತು ಸುಳ್ಳು. ಆಮೇಲೆ ಈ ಮನೆಯಲ್ಲಿ ಮಾತ್ರೆ ಹೆಸರು ಯಾರೂ ಎತ್ತಬಾರದು."

ಪಂಕ್ಚರ್ ಅಕ್ಕ ಅಡ್ಡ ಬಾಯಿ ಹಾಕಲು ಹೊರಟಳು. ನರ್ಸಮ್ಮ ಮಾತ್ರ, "ಆಗಲಿ. ಅಲ್ಲಿವರೆಗೂ ಮಾತ್ರೆ ತಪ್ಪಿಸಬೇಡಿ" ಎಂದು ಚೀಲ ಹೆಗಲಿಗೇರಿಸಿದರು.

ಗಾಯ ಒಣಗುತ್ತಾ ಬಂತು. ನಡೆಯಬಹುದು ಎಂದು ಡಾಕ್ಟರು ಹೇಳಿದ ವಾರವೇ ಅತ್ತೆ ಸೊಸೆಯ ತೋಳು ಹಿಡಿದು ಹಾಲಿಗೆ ಹೋದರು. ಹಾಲು ಕಿಕ್ಕಿರಿದಿತ್ತು. ಕ್ಲೀನ್ ಮೇಡಂ ಟಬ್ಬಿಗೆ ನೀರು ತುಂಬಿಸಿ, ಉಪ್ಪು ಹಾಕಿ, "ಮೊದಲು ಯಾರು ಬರ್ತೀರಿ?" ಎಂದರು. ಮಡಿಲಲ್ಲಿ ಮಗುವಿದ್ದ ಒಬ್ಬ ಹೆಂಗಸು ಏಳಲು ಹೊರಟಳು.

"ಅವಳು ಕೂತ್ಕೊಳ್ಳಲಿ" ಎಂದರು ಅತ್ತೆ. "ಮೊದಲು ಯಾರೂ ಬರೋದು ಬೇಡ. ಬರೀ ಮೆಷಿನ್ ಹಾಕಿ ಮೇಡಂ."

ಮೇಡಂ ನಕ್ಕರು. "ಹಾಗೆಲ್ಲ ಹಾಕೋ ಹಾಗಿಲ್ಲ ಅಮ್ಮ. ಮೆಷಿನ್ ಕೆಟ್ಟುಹೋಗುತ್ತೆ."

"ಕೆಟ್ರೆ ನನ್ನ ಸೊಸೆ ರಿಪೇರಿ ಮಾಡ್ತಾಳೆ."

"ಆಮೇಲೆ ಮಾತಾಡೋಣ, ಈಗ ಜನ ಕಾಯ್ತಿದ್ದಾರೆ..."

"ಕಾಯೋರು ನಾವೇ ತಾನೇ? ನಮಗೇನೂ ಅವಸರ ಇಲ್ಲ" ಎಂದು ಪಂಕ್ಚರ್ ಅಕ್ಕ ಎದ್ದು ನಿಂತಳು. "ವಿಷ ಕಾಲಿಂದ ಇಳಿಯೋದೇ ನಿಜ ಆದ್ರೆ, ಕಾಲಿಲ್ಲದ ನೀರು ತಿಳಿಯಾಗಿರಬೇಕು. ನಿಮಗೆ ನಿಮ್ಮ ಮೆಷಿನ್ ಮೇಲೆ ನಂಬಿಕೆ ಇಲ್ವಾ?"

"ಹಾಕಿ ಮೇಡಂ, ಹಾಕಿ!" ಹಿಂದಿನಿಂದ ಯಾರೋ ಕೂಗಿದರು. ಆಮೇಲೆ ಹಾಲೆಲ್ಲ ಅದೇ ಕೂಗು.

ಮೇಡಂ ಬೇರೆ ದಾರಿ ಕಾಣದೆ ಸ್ವಿಚ್ ಒತ್ತಿದರು. ಎಲ್ಲರೂ ಕುರ್ಚಿ ಬಿಟ್ಟು ಟಬ್ಬಿನ ಸುತ್ತ ಮುಗಿಬಿದ್ದರು. ಅತ್ತೆ ಎಲ್ಲರಿಗಿಂತ ಮುಂದೆ. ನೀರು ತಿಳಿಯಾಗೇ ಇತ್ತು. ಅತ್ತೆ ಗೆದ್ದವರಂತೆ ಸೊಸೆಯತ್ತ ತಿರುಗಿದರು. ಪಂಕ್ಚರ್ ಅಕ್ಕ ಟಬ್ಬಿನ ಮೇಲೆ ಇನ್ನಷ್ಟು ಬಗ್ಗಿದಳು.

ಅಷ್ಟರಲ್ಲಿ ಮೆಷಿನ್ನಿನ ಬುಡದಿಂದ ಹಳದಿ ಎಳೆಯೊಂದು ಎದ್ದಿತು. ಹರಡಿತು. ಕಂದಾಯಿತು. ಮೇಲೆ ನೊರೆ, ಕೆಳಗೆ ಚರಟ. ಅತ್ತೆ ಅಂದು ನೋಡಿದ್ದ ಅದೇ ನೀರು.

ಅತ್ತೆ ಬಗ್ಗಿ ಟಬ್ಬನ್ನು ನೋಡಿದರು. ಮುಖ ಕೆಂಪೇರುತ್ತಾ ಬಂತು.

"ಯಾರ ಕಾಲಿನ ವಿಷ ಇದು?" ಎಂದರು.

"ಅದು... ಗಾಳಿಯಲ್ಲೂ ವಿಷ ಇರುತ್ತಲ್ಲ ಅಮ್ಮ, ಅದನ್ನ ನೀರು ಎಳ್ಕೊಂಡಿದೆ" ಎಂದರು ಮೇಡಂ.

"ಹಾಗಾದ್ರೆ ಮೆಷಿನ್ನನ್ನ ಬಸ್ ನಿಲ್ದಾಣದಲ್ಲಿ ಇಡಿ ಮೇಡಂ" ಎಂದ ಕಟಿಂಗ್ ಶಾಪಿನವನು. "ಊರಿನ ಹೊಗೆ ಎಲ್ಲಾ ಇಳೀಲಿ!"

ನಗೆ ಸಿಡಿಯಿತು. ಅತ್ತೆ ನಗಲಿಲ್ಲ. ಕುರ್ಚಿಯ ಮೇಲೆ ಕೂತು, ಪಟ್ಟಿ ಕಟ್ಟಿದ ಕಾಲನ್ನು ಎಲ್ಲರಿಗೂ ಕಾಣುವಂತೆ ಮುಂದೆ ಚಾಚಿದರು.

"ಇದು ನಿಮ್ಮ ಟಬ್ಬಲ್ಲಿ ಬೆಂದ ಕಾಲು. ಮಾತ್ರೆ ಬಿಡಿ ಅಂದ್ರಿ, ಬಿಟ್ಟೆ. ಊಟ ಬಿಡಿ ಅಂದ್ರಿ, ಬಿಟ್ಟೆ. ನನ್ನ ಮೈ ಕೊಳಕು ಅಂದ್ರಿ, ಅದನ್ನೂ ನಂಬಿದೆ. ನನ್ನ ಮೈ ಏನು ಚರಂಡಿ ಅಂದ್ಕೊಂಡ್ರಾ? ಮಕ್ಕಳು ಹೆತ್ತ ಮೈ ಇದು, ದುಡಿದ ಮೈ! ಕೊಳಕು ಇದ್ದಿದ್ದು ಆ ನೀರಲ್ಲಿ, ನನ್ನಲ್ಲಲ್ಲ!"

ಮಗು ಎತ್ತಿಕೊಂಡಿದ್ದ ಹೆಂಗಸು ತನ್ನ ಪುಡಿ ಡಬ್ಬವನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಎಲ್ಲರೂ ಹೋಗಲಿಲ್ಲ. ಕೆಲವರು ಇನ್ನೂ ಟಬ್ಬಿನ ಹತ್ತಿರವೇ ಅನುಮಾನದಲ್ಲಿ ನಿಂತಿದ್ದರು.

ಮುಂದಿನ ವಾರ ಮೇಡಂ ಆ ಹಾಲು ಬಿಟ್ಟು ರೈಲು ಗೇಟಿನ ಆಚೆ ಬೇರೆ ಹಾಲು ಹಿಡಿದರೆಂದು ಸುದ್ದಿ ಬಂತು. ಗಂಡ ಊರಲ್ಲೇ ಇದ್ದ. "ಹೋಗ್ಲಿ ಬಿಡಮ್ಮ, ನಮ್ಮ ಬೀದಿ ಬಿಟ್ರಲ್ಲ, ಸಾಕು" ಎಂದ.

"ಆ ಬೀದಿಯಲ್ಲಿ ನನ್ನಂಥ ಮುದುಕಿಯರು ಇಲ್ವೇನೋ?" ಎಂದರು ಅತ್ತೆ. ಊಟ ಮುಗಿಸಿ, ಯಾರೂ ಹೇಳದೆಯೇ ಮಾತ್ರೆ ನುಂಗಿ, ಚಪ್ಪಲಿ ಹುಡುಕಿದರು. "ಷಟರ್ ಎಳೆಯೇ! ಆ ಹಾಲಲ್ಲೂ ಮುಂದಿನ ಸಾಲಲ್ಲೇ ಕೂರಬೇಕು."

ಅಮ್ಮಂದಿರೇ, ಅಣ್ಣಂದಿರೇ, ನಿಮ್ಮ ಬೀದಿಗೂ ಇಂಥವರು ಬಂದಾರು. ಟಬ್ಬು ತರದಿದ್ದರೆ ಪುಡಿ ತಂದಾರು, ಪುಡಿ ಇಲ್ಲದಿದ್ದರೆ ಫೋನಿನಲ್ಲಿ ವಿಡಿಯೋ ಕಳಿಸಿಯಾರು. ಹೆದರಬೇಡಿ, ನಾಚಬೇಡಿ, ಎದ್ದು ನಿಂತು ಕೇಳಿ: ಯಾವ ವಿಷ? ಅದರ ಹೆಸರೇನು? ಹೋಯಿತು ಅನ್ನುವುದಕ್ಕೆ ಪರೀಕ್ಷೆ ಎಲ್ಲಿ? ಉತ್ತರ ಬರದಿದ್ದರೆ ನಿಮ್ಮ ಊಟ ನೀವು ಮಾಡಿ. ಕಾಳು, ಸೊಪ್ಪು, ತರಕಾರಿ, ಹಣ್ಣು ತೊಳೆದು ತಿನ್ನಿ, ಬೂಸ್ಟು ಬಂದದ್ದನ್ನು ಎಸೆಯಿರಿ, ರಾಸಾಯನಿಕದ ಕ್ಯಾನಿನಲ್ಲಿ ನೀರಿಡಬೇಡಿ. ಸುಸ್ತು ಬಿಡದೆ ಕಾಡಿದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿ. ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ. ಯಾರಾದರೂ ನಿಜವಾಗಿ ವಿಷವನ್ನೋ ರಾಸಾಯನಿಕವನ್ನೋ ನುಂಗಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಓಡಿ.

ನಿಮ್ಮ ಮೈ ಕೊಳಕೆಂದು ಹೇಳಿ ವ್ಯಾಪಾರ ಮಾಡುವವರಿಗೆ ಬಾಗಿಲಲ್ಲೇ ಹೇಳಿ: ಈ ಮನೆಯಲ್ಲಿ ಅದನ್ನು ನಂಬುವವರು ಯಾರೂ ಇಲ್ಲ.