ಶಿವಾನಿಯ ಪಾಲಿನ ಅಂಕಿತ

"ಅವಳನ್ನ ಸ್ಟೇಜಿಗೆ ಹತ್ತಿಸ್ಬೇಡಿ ಅಂತ ನಾನು ಹೇಳ್ಲಿಲ್ಲ ಪ್ರೇಮಾ. ಹತ್ತಿಸಿ. ದೀಪದ ಪಕ್ಕ ಕುರ್ಚಿ ಹಾಕಿ ಕೂರ್ಸಿ. ಬಾಯಿ ತೆಗೆಸ್ಬೇಡಿ, ಅಷ್ಟೆ."

ರೇಣುಕಪ್ಪ ಶಾಲೆಯ ಅಡುಗೆಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತಿದ್ದ. ಒಳಗೆ ಪ್ರೇಮಕ್ಕ ಬಿಸಿಯೂಟದ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಅವನು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ, ಅವಳ ಗಂಡನ ಅಣ್ಣ. ಗಂಡ ತೀರಿಕೊಂಡ ವರ್ಷ ಅವಳಿಗೆ ಈ ಅಡುಗೆ ಕೆಲಸ ಕೊಡಿಸಿದವನೂ ಅವನೇ. ಅದನ್ನು ಅವನು ಮರೆತಿರಲಿಲ್ಲ, ಅವಳಿಗೆ ಮರೆಯಲು ಬಿಟ್ಟಿರಲೂ ಇಲ್ಲ.

"ಅಲಂಕಾರ ಮಾಡಿ ಕೂರ್ಸೋಕೆ ಅವಳೇನು ಉತ್ಸವಮೂರ್ತಿಯಾ ಭಾವ?"

"ಬಾಳೆಹೊನ್ನೂರಿನವರು ಬರ್ತಿದ್ದಾರೆ." ರೇಣುಕಪ್ಪ ದನಿ ತಗ್ಗಿಸಿದ. "ನಮ್ಮ ಸರ್ವಮಂಗಳಂದು ಮದುವೆ ಮಾತುಕತೆ ಇನ್ನೂ ಮುಗೀಲಿಲ್ಲ. ಹುಡುಗನ ಅಪ್ಪ ವಾಸಪ್ಪನವರನ್ನೇ ಮುಖ್ಯ ಅತಿಥಿ ಮಾಡಿದೀನಿ. ನಮ್ಮನೇಲಿ ಹಿಂಗೊಂದು ಇದೆ ಅಂತ ಅವರಿಗೆ ಮೈಕಲ್ಲಿ ಸಾರ್ಬೇಕಾ?"

"ಹಿಂಗೊಂದು ಅಲ್ಲ. ಶಿವಾನಿ."

"ಹೆಸರು ನಂಗೂ ಗೊತ್ತು ಮಾರಾಯ್ತಿ. ಇಟ್ಟೋನೇ ನಾನು."

"ಹಂಗಾದ್ರೆ ಕರೀರಿ ಆ ಹೆಸರು ಹಿಡಿದು. ಕರ್ದಿದ್ದು ಯಾವಾಗ ಹೇಳಿ ನೋಡಣ."

ರೇಣುಕಪ್ಪ ಸಾರಿನ ಘಾಟು ಮೂಗಿಗೆ ಹೊಡೆದು ಸೀನುತ್ತ ಹೊರಟುಹೋದ.

ಪ್ರೇಮಕ್ಕನ ಮಗಳು ಶಿವಾನಿ ಏಳನೇ ಕ್ಲಾಸು. ಹುಟ್ಟಿನಿಂದಲೇ ಎಡಗೈ, ಎಡಗಾಲು ಬಿಗಿ. ನಾಲಿಗೆಯೂ ಹೇಳಿದ ಹಾಗೆ ಹೊರಳದು. ಎಲ್ಲ ಅರ್ಥವಾಗುತ್ತಿತ್ತು, ಮಾತು ಮಾತ್ರ ಹೊರಗೆ ಬರಲು ಹೊತ್ತು ಹಿಡಿಯುತ್ತಿತ್ತು. ಆ ವರ್ಷ ಶಾಲಾ ವಾರ್ಷಿಕೋತ್ಸವದಲ್ಲಿ ಒಂದು ಮಗುವೂ ಹೊರಗುಳಿಯಬಾರದೆಂದು ಸರ್ಕಾರದ ಸುತ್ತೋಲೆ ಬಂದಿತ್ತು. ಉಳಿದವರು ಅದನ್ನು ಓದಿ ಸಹಿ ಹಾಕಿದರು. ಗಂಗಾಂಬಿಕೆ ಟೀಚರ್ ಓದಿ ನಂಬಿದರು.

ಆ ಊರಿಗೆ ತನ್ನದೇ ಒಂದು ವಚನವಿತ್ತು. ಹೊಳೆದಂಡೆಯ ಗುಡಿಯಲ್ಲಿ ಹಿಂದೆ ಯಾರೋ ಶರಣರು ಕಟ್ಟಿದ್ದು. ಪ್ರತಿ ಶಿವರಾತ್ರಿಗೆ ಅದನ್ನು ಹೇಳುವಾಗ ಕೇಳುವವರೆಲ್ಲ ಕೈ ಮುಗಿದು ಕೂರುತ್ತಾರೆ. ಕೊನೆಗೆ 'ಹೊಳೆದಂಡೆ ಮಲ್ಲೇಶ' ಎಂಬ ಅಂಕಿತ ಬಂದು, ತಲೆ ಬಾಗಿಸಿದ ಮೇಲೆಯೇ ಕೈ ಇಳಿಸುವುದು. ಅಲ್ಲಿಯ ತನಕ ಯಾರೂ ಏಳುವುದಿಲ್ಲ, ಮಾತಾಡುವುದಿಲ್ಲ, ಕೂಸು ಅತ್ತರೂ ಎತ್ತಿಕೊಳ್ಳುವುದಿಲ್ಲ. ಗಂಗಾಂಬಿಕೆ ಟೀಚರ್ ಆ ವಚನವನ್ನು ಏಳನೇ ಕ್ಲಾಸಿಗೆ ಕೊಟ್ಟು, ಅಂಕಿತವನ್ನು ಶಿವಾನಿಯೊಬ್ಬಳ ಪಾಲಿಗೆ ಬಿಟ್ಟರು.

ತಾಯಂದಿರ ಸಭೆಯಲ್ಲಿ ಅದಕ್ಕೇ ಜಗಳ ಹತ್ತಿತು.

"ನಮ್ಮ ಮಕ್ಕಳು ಬಾಯಿಪಾಠ ಮಾಡಿ ಮಾಡಿ ಗಂಟಲು ಹರ್ಕೊಂಡಿದಾವೆ ಟೀಚರ್," ಎಂದಳು ನವೀನನ ತಾಯಿ ವನಜಮ್ಮ. "ಕೊನೇಗೆ ಇವಳು ದೇವರ ಹೆಸರನ್ನೇ ತುಂಡು ತುಂಡು ಮಾಡಿದ್ರೆ ಊರಿಗೆ ಒಳ್ಳೇದಾ?"

"ದೇವರಿಗೇನು ಅವಸರ ಇದೆಯಾ ವನಜಮ್ಮ?"

"ದೇವರಿಗಿಲ್ಲ. ನಮಗೆ ಹಾಲು ಕರ್ಯೋದಿದೆ."

ಎಲ್ಲರೂ ನಕ್ಕರು. ಹಿಂದಿನ ಬೆಂಚಿನಲ್ಲಿದ್ದ ಪ್ರೇಮಕ್ಕ ನಗಲಿಲ್ಲ. "ನಿನ್ನ ಎಮ್ಮೆ ಕಾಯ್ತದೆ ವನಜಾ. ನಿನಗಿಂತ ಅದಕ್ಕೇ ತಾಳ್ಮೆ ಜಾಸ್ತಿ," ಎಂದಳು. ಆಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ.

ಮಕ್ಕಳೂ ಏನು ಕಡಿಮೆಯಿರಲಿಲ್ಲ. ತಾಲೀಮಿನಲ್ಲಿ ನವೀನ ಬಾಯಿ ಸೊಟ್ಟ ಮಾಡಿ "ಹೊ... ಹೊ... ಹೊ..." ಎಂದು ದನ ಅಟ್ಟುವವನ ಹಾಗೆ ಅಣಕಿಸಿದ. ಶಿವಾನಿಯ ಕೈ ಚುರುಕಿರಲಿಲ್ಲ, ಹಲ್ಲು ಚುರುಕಿತ್ತು. ಅವನ ತೋಳು ಹಿಡಿದು ಕಚ್ಚಿದಳು. ಟೀಚರ್ ಇಬ್ಬರನ್ನೂ ಹೊರಗೆ ನಿಲ್ಲಿಸಿದರು. ಆ ಬಿಸಿಲಲ್ಲಿ ನಿಂತೇ ಶಿವಾನಿ ಅಂಕಿತವನ್ನು ಗೋಡೆಗೆ ಹೇಳಿ ಹೇಳಿ ಕಲಿತಳು.

ಮಾರ್ಚಿನ ಶನಿವಾರ ಸಂಜೆ ಮೈದಾನದ ಶಾಮಿಯಾನ ತುಂಬಿತ್ತು. ಬಾಳೆಹೊನ್ನೂರಿನ ಕಾಫಿ ವ್ಯಾಪಾರಿ ವಾಸಪ್ಪ ಮುಂದಿನ ಸಾಲಿನ ನಡುವೆ ಶಲ್ಯ ಹೊದ್ದು ಕೂತಿದ್ದ. ರೇಣುಕಪ್ಪ ಸ್ವಾಗತ ಭಾಷಣ ಮಾಡಿದ. "ನಮ್ಮ ಶಾಲೆಯಲ್ಲಿ ಯಾವ ಮಗುವೂ ಬೇರೆಯಲ್ಲ, ಎಲ್ಲವೂ ನಮ್ಮ ಮನೆ ಮಕ್ಕಳೇ," ಎಂದಾಗ ಚಪ್ಪಾಳೆ ಜೋರಾಗಿಯೇ ಬಿತ್ತು. ಇಳಿದು ಬಂದು ವಾಸಪ್ಪನ ಪಕ್ಕ ಕೂತ.

ಏಳನೇ ಕ್ಲಾಸಿನವರು ಹತ್ತಿದರು. ಕೊನೆಯಲ್ಲಿ ಕಾಲೆಳೆಯುತ್ತ ಬಂದ ಶಿವಾನಿ ಮೈಕಿನ ಮುಂದೆ ಮೇಜು ಹಿಡಿದು ನಿಂತಳು. ರೇಣುಕಪ್ಪ ಟೀಚರ್ ಕಡೆ ನೋಡಿದ. ಅವರು ಅವನ ಕಡೆ ನೋಡಲಿಲ್ಲ.

ವಚನ ಶುರುವಾಯಿತು. ಹೇಳಿಕೊಡದೆಯೇ ಮೈದಾನದಲ್ಲಿದ್ದವರ ಕೈಗಳೆಲ್ಲ ಕೂಡಿಕೊಂಡವು. ಮಕ್ಕಳು ಒಂದೇ ಉಸಿರಿನವರಂತೆ ಸಾಲು ಸಾಲು ಹೇಳಿ ಥಟ್ಟನೆ ನಿಂತರು.

"ಹೊ..." ಎಂದಳು ಶಿವಾನಿ.

ಮೈಕಿನಲ್ಲಿ ಅವಳ ಉಸಿರು ಕೇಳಿಸಿತು. ಕತ್ತಿನ ನರ ಉಬ್ಬಿತು. ಮುಗಿದ ಕೈಗಳು ಕಾದವು. ಹಿಂದೆ ಯಾರೋ ಕಿಸಕ್ಕೆಂದರು.

"ಳೆ..."

ವಾಸಪ್ಪ ಕೈ ಮುಗಿದುಕೊಂಡೇ ಕಣ್ಣು ಕಿರಿದು ಮಾಡಿ ಹುಡುಗಿಯನ್ನು ನೋಡಿದ, ಆಮೇಲೆ ಪಕ್ಕದ ರೇಣುಕಪ್ಪನ ಮುಖವನ್ನು. ಅದೇ ಅಗಲ ಹಣೆ, ಅದೇ ಗಲ್ಲ. ರೇಣುಕಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಗಟ್ಟಿ ಗಂಟಲಲ್ಲಿ, "ಹೊಳೆದಂಡೆ ಮಲ್ಲೇಶಾ!" ಎಂದ.

ಅಂಕಿತ ಕಿವಿಗೆ ಬಿದ್ದದ್ದೇ ತಲೆಗಳು ಬಾಗಿದವು, ಕೈಗಳು ಇಳಿದವು. ಚಪ್ಪಾಳೆ ಬಿತ್ತು. ನವೀನ ಮೊದಲಾದವರು ಇಳಿಯತೊಡಗಿದರು. ಕ್ಯಾಸೆಟ್ಟಿನವನು ಮುಂದಿನ ಡ್ಯಾನ್ಸಿನ ಹಾಡು ಹಾಕಿಬಿಟ್ಟ. ಶಿವಾನಿಯ ಬಾಯಿ ತೆರೆದೇ ಇತ್ತು.

"ದೊ...ಡ್ಡ...ಪ್ಪಾ."

ಹಾಡಿನ ಮೇಲೂ ಅದು ಕೇಳಿಸಿತು. ಟೀಚರ್ ಹೋಗಿ ಕ್ಯಾಸೆಟ್ ನಿಲ್ಲಿಸಿದರು.

"ಅ...ದು ನಿಂ...ದಲ್ಲ." ಅವಳು ಮೇಜು ಬಿಟ್ಟು ಬಲಗೈಯನ್ನು ಅವನ ಕಡೆ ನೀಡಿದಳು. "ನಂ...ದು."

ಮೈದಾನವೆಲ್ಲ ರೇಣುಕಪ್ಪನ ಕಡೆ ತಿರುಗಿತು. ಅವನಿನ್ನೂ ನಿಂತೇ ಇದ್ದ.

"ನಿಮ್ಮ ತಮ್ಮನ ಮಗಳಾ?" ವಾಸಪ್ಪ ಕೇಳಿದ.

"ಹೂಂ."

"ಹೇಳ್ಲೇ ಇಲ್ವಲ್ಲ ನೀವು."

ಮಾತು ಸಣ್ಣದಾಗಿಯೇ ಇತ್ತು, ಒಳಗೆ ಮುಳ್ಳಿತ್ತು. ಸ್ಟೇಜಿನ ಮೇಲೆ ಶಿವಾನಿ ಮತ್ತೆ ಮೊದಲಿನಿಂದ, "ಹೊ..." ಎಂದಳು. ಮುದುಕಿಯರು, "ಇದೆಂತದು, ಒಂದ್ಸಲ ಆಯ್ತಲ್ಲ," ಎಂದು ಗೊಣಗುತ್ತಲೇ ಕೈ ಜೋಡಿಸಿದರು. ಅವರನ್ನು ನೋಡಿ ಉಳಿದವರೂ. ಎಲ್ಲರ ಮುಖದಲ್ಲೂ ಸಿಟ್ಟಿತ್ತು. ಅವಳು ಅವಸರ ಮಾಡಲಿಲ್ಲ. 'ದಂಡೆ'ಯಲ್ಲಿ ನಾಲಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡಳು. ಮಲ್ಲೇಶನ ಒತ್ತು ಬರಲಿಲ್ಲ. ಹಿಂದೆ ಹೋಗಿ ಮತ್ತೆ ಹೇಳಿದಳು, ಅದು ಬರುವ ತನಕ. ತಲೆಗಳು ಬಾಗಿದವು. ಈ ಸಲ ಚಪ್ಪಾಳೆ ಬೀಳಲಿಲ್ಲ.

ಸ್ಟೇಜಿನ ಹಿಂದೆ ಮಗಳನ್ನು ಇಳಿಸಿಕೊಳ್ಳಲು ನಿಂತಿದ್ದ ಪ್ರೇಮಕ್ಕನ ಹತ್ತಿರ ರೇಣುಕಪ್ಪ ಬಂದ.

"ಅಡುಗೆಗೆ ಬೇರೆಯವರನ್ನ ನೋಡ್ಕೊಳ್ತೀವಿ. ನೀನು ಬರೋದು ಬೇಡ."

"ಸೋಮವಾರ ಊಟದ ಹೊತ್ತಿಗೆ ಬಂದು ಇದನ್ನೇ ಮಕ್ಕಳೆದುರು ಹೇಳಿ ಭಾವ," ಎಂದಳು ಪ್ರೇಮಕ್ಕ. "ಅಲ್ಲಿ ತನಕ ಬೀಗದಕೈ ನನ್ನ ಹತ್ರಾನೇ ಇರ್ತದೆ."

ಅವನು ಶಾಮಿಯಾನದ ಕಡೆ ಹೋಗದೆ ಗೇಟಿನ ಕಡೆ ನಡೆದ.

ಡ್ಯಾನ್ಸಿನ ಹಾಡು ಮತ್ತೆ ಶುರುವಾಯಿತು. ಶಿವಾನಿ ಅಮ್ಮನ ಕೈ ಬಿಡಿಸಿಕೊಂಡು, ಕಾಲೆಳೆಯುತ್ತ ಮುಂದಿನ ಸಾಲಿಗೆ ಹೋಗಿ ದೊಡ್ಡಪ್ಪನ ಖಾಲಿ ಕುರ್ಚಿಯಲ್ಲಿ ಕೂತಳು. ವಾಸಪ್ಪ ಶಲ್ಯ ಎಳೆದುಕೊಂಡು ಅತ್ತ ಸರಿದ. ಅವಳು ಅವನನ್ನು ನೋಡಲಿಲ್ಲ. ಡ್ಯಾನ್ಸ್ ಕಾಣುವ ಹಾಗೆ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.