ಭಟ್ಟಿ ಆರಿದ ಮರುದಿನ

ನಾನು ಒಂದು ಕೆಂಪು ಕಾರು. ಬರೀ ಕಾರು ಎಂದರೆ ನನಗೆ ಸಿಟ್ಟು ಬರುತ್ತದೆ. ಓಟದ ಕಾರು ಎನ್ನಬೇಕು. ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ, ನೆಲಕ್ಕೆ ಮೂಗು ತಾಗೀತೇನೋ ಎನ್ನುವಷ್ಟು ತಗ್ಗು ಮೈ. ಕಡಲಾಚೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ನನ್ನ ಬಾನೆಟ್ಟನ್ನು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ತಿದ್ದಿದ ಮುದುಕ, ಕೊನೆಗೊಮ್ಮೆ ಅಂಗೈಯಿಂದ ಸವರಿ ತಲೆಯಾಡಿಸಿದ. ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ಊಟಿ ಬೆಟ್ಟ ಹತ್ತಿ ಒಬ್ಬ ಚಹಾ ತೋಟದ ದೊರೆಯ ಪಾಲಾದೆ. ಅವನು ನನ್ನನ್ನು ಓಡಿಸಿದ್ದಕ್ಕಿಂತ ಹಾರಿಸಿದ್ದೇ ಹೆಚ್ಚು. ಅವನು ತನ್ನ ದೇಶಕ್ಕೆ ಹೊರಟಾಗ ಮೈಸೂರಿನ ವಕೀಲರೊಬ್ಬರು ಕೊಂಡುಕೊಂಡರು. ಕಪ್ಪು ಕನ್ನಡಕ ಹಾಕಿಕೊಂಡು ಸಂಜೆ ಹೊತ್ತು ಮೆರೆದದ್ದೇ ಮೆರೆದದ್ದು. ವರ್ಷ ಕಳೆದಂತೆ ಹೊಟ್ಟೆ ಬೆಳೆದು ಸ್ಟೇರಿಂಗ್ ಹಿಂದೆ ಹಿಡಿಸದಾದಾಗ ನನ್ನನ್ನು ಕೊಟ್ಟಿಗೆಗೆ ತಳ್ಳಿದರು. ಅಲ್ಲಿ ಕೋಳಿಗಳು ನನ್ನ ಸೀಟಿನ ಮೇಲೆ ಮೊಟ್ಟೆ ಇಟ್ಟವು. ಓಟಕ್ಕೆಂದು ಹುಟ್ಟಿದ ನನ್ನ ಗತಿ ಇಷ್ಟೇ ಎಂದುಕೊಂಡಿದ್ದೆ.

ಅಲ್ಲಿಂದ ನನ್ನನ್ನು ಬಿಡಿಸಿದವನು ಗುರುಮಲ್ಲಪ್ಪ. ಗುಂಡ್ಲುಪೇಟೆ ಕಡೆಯವನು, ಊಟಿಯಲ್ಲಿ ಬೇಕರಿ ಇಟ್ಟಿದ್ದ. ವರ್ಕಿ ಎಂಬ ಪದರು ಪದರಾದ ಊಟಿಯ ಬಿಸ್ಕತ್ತಿಗೆ ಅವನ ಅಂಗಡಿ ಹೆಸರುವಾಸಿ. ದೊರೆ ನನ್ನನ್ನು ಓಡಿಸುತ್ತಿದ್ದ ಕಾಲದಲ್ಲಿ ರಸ್ತೆ ಪಕ್ಕ ನಿಂತು ಬಾಯಿ ಬಿಟ್ಟು ನೋಡಿದವನಂತೆ. ಕೊಂಡು ತಂದವನೇ ಏನು ಮಾಡಿದ ಗೊತ್ತೇ? ಪಕ್ಕದ ಸೀಟಿನಲ್ಲಿ ಬನ್ನಿನ ಬುಟ್ಟಿ ಇಟ್ಟು ಹೋಟೆಲು ಹೋಟೆಲಿಗೆ ಹಂಚತೊಡಗಿದ. ನಾಚಿಕೆಯಿಂದ ನನ್ನ ಬಣ್ಣ ಇನ್ನಷ್ಟು ಕೆಂಪಾಗಿರಬೇಕು. ಆದರೂ ಅವನಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ಮುಟ್ಟಲಿಲ್ಲ.

ಊಟಿಯ ಚಳಿಗಾಲ ನನ್ನಂಥ ಮುದಿ ಯಂತ್ರಗಳಿಗೆ ಯಮ. ಹುಲ್ಲಿನ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತದೆ. ರೇಡಿಯೇಟರಿನ ನೀರು ಗಡ್ಡೆಯಾಗಿ ಉಬ್ಬಿದರೆ ತಗಡು ಸೀಳುತ್ತದೆ. ಅದಕ್ಕೇ ಊರಿನವರೆಲ್ಲ ಸಂಜೆ ನೀರು ಬಸಿದು, ಬೆಳಿಗ್ಗೆ ಮತ್ತೆ ತುಂಬುತ್ತಿದ್ದರು. ಗುರುಮಲ್ಲಪ್ಪನಿಗೆ ಆ ತಾಪತ್ರಯವಿರಲಿಲ್ಲ. ಬೇಕರಿಯ ಹಿಂದೆ, ಭಟ್ಟಿಯ ಗೋಡೆಗೆ ನನ್ನ ಮೂಗು ತಾಗುವಂತೆ ನಿಲ್ಲಿಸಿ, ಬಾನೆಟ್ಟಿಗೆ ಕಂಬಳಿ ಹೊದಿಸುತ್ತಿದ್ದ. ಹಬ್ಬವಿರಲಿ ಹುಣ್ಣಿಮೆಯಿರಲಿ ಆ ಭಟ್ಟಿ ಆರಿದ್ದೇ ಇಲ್ಲ. ಹೊರಗೆ ಊರಿಗೆ ಊರೇ ನಡುಗುವಾಗ ನಾನು ಬಸುರಿ ಬೆಕ್ಕಿನಂತೆ ಬೆಚ್ಚಗಿರುತ್ತಿದ್ದೆ.

ಅವನ ತಾಯಿ ದೊಡ್ಡತಾಯಮ್ಮನೂ ಅದೇ ಗೋಡೆಯ ಆಚೆ ಬದಿಯಲ್ಲಿ ಕೂರುತ್ತಿದ್ದಳು. ಗಂಡ ತೀರಿದ ಮೇಲೆ ಮಗನ ಜೊತೆ ಬೆಟ್ಟಕ್ಕೆ ಬಂದವಳು. ಗುರುಮಲ್ಲಪ್ಪನ ಅಕ್ಕ ಪುಟ್ಟಗೌರಮ್ಮನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಗುಂಡ್ಲುಪೇಟೆಯ ಪಕ್ಕದ ಹಳ್ಳಿಯಲ್ಲಿ ಅರಿಶಿನ ಬೆಳೆಯುವ ಮನೆ ಅವಳದು. ಒಮ್ಮೆ ಬಂದಾಗ ನನ್ನೆದುರೇ ತಮ್ಮನನ್ನು ತರಾಟೆಗೆ ತೆಗೆದುಕೊಂಡಳು. "ಈ ಚಳೀಲಿ ಅವ್ವನ್ನ ಸಾಯುಸ್ಬುಡ್ತೀಯ ಕನ್ಲಾ! ನನ್ ಜೊತೆ ಕಳ್ಸು." ಅವ್ವ ಬರಲೊಲ್ಲೆ ಎಂದಳು. ಗೌರಮ್ಮ ಹಾಗೇ ಹೊರಟುಹೋದವಳು ಮತ್ತೆ ಬೆಟ್ಟ ಹತ್ತಲಿಲ್ಲ, ತಮ್ಮನ ಜೊತೆ ಮಾತೂ ಆಡಲಿಲ್ಲ.

ಜನವರಿಯ ಒಂದು ಸಂಜೆ, ಮುಸುಕು ಹೊದ್ದು ಮಲಗಿದ್ದ ದೊಡ್ಡತಾಯಮ್ಮ ಏಳಲಿಲ್ಲ. ಸಾವಾದ ಮನೆಯಲ್ಲಿ ಒಲೆ ಉರಿಯಬಾರದು. ಸೋದರಮಾವ ಶಿವಬಸಪ್ಪ ಬಂದವರೇ ಭಟ್ಟಿಯ ಕೆಂಡ ಎಳೆಸಿ ನೀರು ಹುಯ್ಯಿಸಿದರು. ಚುಂಯ್ ಎಂದ ಸದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತು. ಅಳುವ ಮನೆಯಲ್ಲಿ ನನ್ನ ನೀರು ಬಸಿಯುವ ನೆನಪು ಯಾರಿಗೆ ಬಂದೀತು? ಬಸಿಯುವ ಅಭ್ಯಾಸವೇ ಅವನಿಗಿರಲಿಲ್ಲವಲ್ಲ. ಗೋಡೆ ತಣ್ಣಗಾಯಿತು. ಬೆಳಗಾಗುವುದರೊಳಗೆ ನನ್ನ ರೇಡಿಯೇಟರಿನ ಕೆಳಗಿನ ಬೆಸುಗೆ ಟಕ್ ಎಂದು ಬಿಟ್ಟುಕೊಂಡಿತು.

ಬೆಳಿಗ್ಗೆ ಗುರುಮಲ್ಲಪ್ಪ ಓಡಿ ಬಂದ. ಅಕ್ಕ ಮೊದಲ ಬಸ್ಸಿಗೆ ಬರುತ್ತಾಳೆ ಎಂದು ನಂಬಿದ್ದ. ಆದರೆ ಆ ದಿನ ಬಂದ್. ಬಸ್ಸೂ ಇಲ್ಲ, ಬಾಡಿಗೆ ಕಾರೂ ಇಲ್ಲ ಎಂದು ಫೋನಿನಲ್ಲಿ ತಿಳಿಯಿತು. ಮಾವ ಖಡಾಖಂಡಿತವಾಗಿ ಹೇಳಿದ್ದರು: "ಹೊತ್ತು ಮುಳುಗೋಕ್ ಮುಂಚೆ ಮಣ್ಣಾಗ್ಬೇಕು ಗುರು. ಯಾರಿಗೂ ಕಾಯಕ್ಕಾಗಲ್ಲ."

ಮೈಯೆಲ್ಲ ಮಂಜು ಕಟ್ಟಿದ್ದ ನನ್ನನ್ನು ನೋಡಿದವನೇ ಅಂಗೈಯಿಂದ ಬಾನೆಟ್ಟು ಉಜ್ಜಿದ. ಪಕ್ಕದ ಮನೆಯಿಂದ ಬಿಸಿನೀರು ತಂದು ಮೂಗಿನ ಮೇಲೆ ಸುರಿದ. ಹ್ಯಾಂಡಲ್ ಹಾಕಿ ತಿರುವಿದ. ಕೆಮ್ಮಿ ಕೆಮ್ಮಿ ಎದ್ದೆ. ಸೀಳಿನಲ್ಲಿ ಇನ್ನೂ ಮಂಜುಗಡ್ಡೆ ಕಚ್ಚಿಕೊಂಡಿದ್ದರಿಂದ ಒಂದು ಹನಿಯೂ ಜಿನುಗಲಿಲ್ಲ. ಎಲ್ಲ ಸರಿಯಿದೆ ಎಂದುಕೊಂಡ. ಸರಿಯಿಲ್ಲವೆಂದು ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ.

ಕಲ್ಲಟ್ಟಿ ಘಾಟಿಯ ಕಡಿದಾದ ತಿರುವುಗಳನ್ನು ಇಳಿದು, ಮಸಿನಗುಡಿ, ಬಂಡೀಪುರ ದಾಟಿ ಓಡಿದೆವು. ಇಳಿಜಾರಿನಲ್ಲಿ ನನಗೆ ಬಿಸಿಯೇರಲಿಲ್ಲ. ಬಂದಿನವರು ಅಲ್ಲಲ್ಲಿ ತಡೆದು, ಗೌರಮ್ಮನ ಅಂಗಳ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಅಲ್ಲಿ ನಿಂತಾಗ ಮಾತ್ರ ನನ್ನಡಿಯಲ್ಲಿ ನೀರಿನ ಸಣ್ಣ ಮಡು ಕಟ್ಟಿತು. ಅವನು ನೋಡಿದ. ನೋಡಿ, ನೀರು ತುಂಬಿಸಿ, ಒಂದು ಡಬ್ಬಿ ನೀರು ಹಿಂದಿಟ್ಟುಕೊಂಡ. ಅದಕ್ಕಿಂತ ಹೆಚ್ಚು ಯೋಚಿಸಲು ಹೊತ್ತಿರಲಿಲ್ಲ.

ಗೌರಮ್ಮ ಬಂದು ಕುಳಿತಳು. ಮಡಿಲಲ್ಲಿ ಒಂದು ಬಟ್ಟೆಯ ಗಂಟು. ಕಾಡು ಬಂತು, ಕಾಡು ಕಳೆಯಿತು. ಮಸಿನಗುಡಿ ಹತ್ತಿರವಾದಾಗ ಬಾಯಿ ಬಿಟ್ಟಳು.

"ಸಾಯೋವಾಗ ನನ್ನ ಕೇಳುದ್ಳಾ?"

ಹೌದು ಎಂದು ಒಂದು ಸುಳ್ಳು ಹೇಳಿದ್ದರೆ ಯಾರಿಗೇನು ನಷ್ಟವಿತ್ತು? ಅವನು ಹೇಳಲಿಲ್ಲ. "ಇಲ್ಲ ಕನಕ್ಕ. ನಿದ್ದೇಲೇ ಒಂಟೋದ್ಳು. ಯಾರನ್ನೂ ಕೇಳ್ನಿಲ್ಲ."

ಅವಳು "ನರಳ್ನಿಲ್ವಲ್ಲ, ಅಷ್ಟೇ ಸಾಕು ಬುಡು" ಎಂದಳು. ಆಮೇಲೆ ಗಂಟನ್ನು ಎದೆಗೊತ್ತಿಕೊಂಡಳು. "ಇದು ನಮ್ ಹೊಲದ ಅರಿಶ್ಣ. ನಾನೇ ಕುಟ್ಟಿದ್ದು. ಅಪ್ಪ ಹೋದ್ ದಿನ ಅವ್ವನ ಕೆನ್ನೆ ತೊಳುದ್ಬುಟ್ರಲ್ಲ, ಅವತ್ತಿಂದ ಒಂದ್ ಚಿಟ್ಕೆ ಮುಟ್ಸಕ್ಕೆ ಬುಡ್ನಿಲ್ಲ. ಮಾವ ಏನಾದ್ರೂ ಅನ್ಲಿ, ಇವತ್ತು ಅವಳ ಮೊಖಕ್ಕೆ ಹಚ್ಚೇ ಮಣ್ಣಿಗೆ ಕಳ್ಸೋದು."

ಘಾಟಿ ಶುರುವಾಯಿತು. ಇಳಿಯುವಾಗ ಸುಮ್ಮನಿದ್ದ ಸೀಳು ಹತ್ತುವಾಗ ಬಾಯಿ ತೆರೆಯಿತು. ಮೂರ್ನಾಲ್ಕು ತಿರುವಿಗೇ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಬಡಿಯಿತು. ನನ್ನ ಮೂಗಿನಿಂದ ಹಬೆ ಎದ್ದು ಮುಂದಿನ ಗಾಜು ಮುಚ್ಚಿತು. ಗುರುಮಲ್ಲಪ್ಪ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬಗ್ಗಿ ನೋಡಿದ. ಬೆಸುಗೆ ಉದ್ದಕ್ಕೂ ಬಿಟ್ಟುಹೋಗಿತ್ತು. ಮೇಲಿನಿಂದ ಡಬ್ಬಿಯ ನೀರು ಸುರಿದರೆ ಕೆಳಗಿನಿಂದ ಹರಿದುಹೋಗುತ್ತಿತ್ತು.

"ಭಟ್ಟಿ ಆರ್ಸುದ್ರು. ನೀರು ಬಸೀನಿಲ್ಲ ನಾನು" ಎಂದು ಹಣೆ ಚಚ್ಚಿಕೊಂಡ. ಬಿಸಿಲು ಆಗಲೇ ಎದುರು ಬೆಟ್ಟದ ನೆತ್ತಿಗೆ ಸರಿದಿತ್ತು. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ನಡೆದು ಹತ್ತಿದರೆ ಕತ್ತಲಾಗುತ್ತದೆ.

ಅವನು ಎದ್ದು ನಿಂತ. ಮತ್ತೆ ಬಗ್ಗಿದ, ಮತ್ತೆ ಎದ್ದ. ಅವನ ಕಣ್ಣು ಎಲ್ಲಿ ಹೋಗುತ್ತಿತ್ತೆಂದು ನನಗೆ ಕಾಣುತ್ತಿತ್ತು. ಗೌರಮ್ಮನಿಗೂ ಕಂಡಿತು.

"ಯಾಕ್ಲಾ ಗಂಟನ್ನೇ ನೋಡ್ತೀಯ?"

"ಏನಿಲ್ಲ."

"ಬೊಗಳು."

"ಲಾರಿಯವ್ರು ರೇಡಿಯೇಟ್ರು ಸೋರುದ್ರೆ ಅರಿಶ್ಣ ಹಾಕ್ತಾರೆ ಕನಕ್ಕ. ಸೀಳಿಗೆ ಹೋಗಿ ಕಚ್ಕತದೆ. ಆದ್ರೆ ಅದು ಅವ್ವುಂದು. ನಾನು ಕೇಳಲ್ಲ."

ಗೌರಮ್ಮ ಗಂಟು ಬಿಗಿಹಿಡಿದು ಕಣಿವೆಯ ಕಡೆ ತಿರುಗಿ ನಿಂತಳು. ನನ್ನೊಳಗೆ ಉಳಿದಿದ್ದ ನೀರು ಕುದಿಯುತ್ತಿತ್ತು. ನಾನು ವಕೀಲರ ಕೊಟ್ಟಿಗೆಯಲ್ಲೇ ತುಕ್ಕು ಹಿಡಿದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ತಾಯಿಗೆಂದು ತಂದದ್ದನ್ನು ನನ್ನ ಬಾಯಿಗೆ ಹಾಕಬೇಕಾಗಿ ಬಂತಲ್ಲ ಎಂದು ಸಂಕಟವಾಯಿತು.

"ಹಚ್ಚಕ್ಕೆ ಮೊದ್ಲು ಮೊಖ ಸಿಗ್ಬೇಕಲ್ಲ" ಎಂದು ತನಗೇ ಹೇಳಿಕೊಂಡಂತೆ ಹೇಳಿ, ಅವಳು ಗಂಟು ಬಿಚ್ಚಿದಳು.

ಗುರುಮಲ್ಲಪ್ಪ ತಿರುವಿನ ಆಚೆಯ ಸಣ್ಣ ತೊರೆಯಿಂದ ಡಬ್ಬಿ ಡಬ್ಬಿ ನೀರು ಹೊತ್ತು ತಂದ. ಒಂದು ಹಿಡಿ ಅರಿಶಿನ ಹಾಕಿದರು. ಹಳದಿ ನೀರು ಹರಿದುಹೋಯಿತು. ಇನ್ನೊಂದು ಹಿಡಿ ಹಾಕಿದರು. ಹರಿಯುವುದು ಜಿನುಗುವುದಾಯಿತು, ನಿಲ್ಲಲಿಲ್ಲ. ಉಳಿದದ್ದನ್ನು ಗೌರಮ್ಮ ಅಂಗೈಯಲ್ಲಿ ಗಟ್ಟಿಯಾಗಿ ಕಲಸಿ, ತಮ್ಮನ ಪಂಚೆಯಿಂದ ಹರಿದ ಅಂಚಿಗೆ ಮೆತ್ತಿ, ನೆಲದ ಮೇಲೆ ಅಂಗಾತ ಮಲಗಿ ಸೀಳಿನುದ್ದಕ್ಕೂ ಒತ್ತಿ ಒತ್ತಿ ತುಂಬಿದಳು. ಬಿಸಿ ತಗಡು ಬೆರಳು ಸುಟ್ಟಿತು. ಅವಳು ಕೈ ತೆಗೆಯಲಿಲ್ಲ. ನೀರು ನಿಂತಿತು.

ಗಂಟಿನ ಬಟ್ಟೆಯನ್ನು ಕೊಡವಿದಳು. ಒಂದು ಚಿಟಿಕೆಯೂ ಉಳಿದಿರಲಿಲ್ಲ.

ಮತ್ತೆ ಹೊರಟೆವು. ಅರಿಶಿನ ಹಿಡಿದಿತ್ತು, ಆದರೆ ಒಮ್ಮೆ ಬೆಂದಿದ್ದ ನನ್ನ ಎಂಜಿನ್ನು ತಣಿದಿರಲಿಲ್ಲ. ಮೇಲಿನ ತಿರುವುಗಳು ಬರುವಷ್ಟರಲ್ಲಿ ಮುಳ್ಳು ಮತ್ತೆ ಕೆಂಪಿಗೆ ಹೋಯಿತು. ನನ್ನ ಮೇಲೆ ಹಕ್ಕಿ ಹಿಕ್ಕೆ ಬಿದ್ದರೆ ಊಟ ಬಿಟ್ಟು ಏಳುತ್ತಿದ್ದ ಗುರುಮಲ್ಲಪ್ಪ ಆ ಮುಳ್ಳನ್ನು ನೋಡಿದ, ಎದುರು ಬೆಟ್ಟದ ಬಿಸಿಲನ್ನು ನೋಡಿದ.

"ನಿಲ್ಸುದ್ರೆ ಸರ್ಯೋಯ್ತದ?" ಎಂದಳು ಗೌರಮ್ಮ.

"ಆರೋಗಂಟ ಕಾದ್ರೆ ಸರ್ಯೋಯ್ತದೆ."

"ಓಡ್ಸುದ್ರೆ?"

ಅವನು ಪೆಡಲು ಒತ್ತಿದ. "ತಡ್ಕೊ ನನ್ನಪ್ಪ, ತಡ್ಕೊ" ಎಂದು ಗೊಣಗುತ್ತಿದ್ದ. ನನ್ನೊಳಗೆ ಏನೋ ಬಾಗಿ, ಏನೋ ಸುಟ್ಟು, ಕಬ್ಬಿಣಕ್ಕೆ ಕಬ್ಬಿಣ ಉಜ್ಜತೊಡಗಿತು. ದೊರೆಯ ಕಾಲದಲ್ಲೂ ನಾನು ಅಷ್ಟು ಗಟ್ಟಿಯಾಗಿ ಕಿರುಚಿದ್ದಿಲ್ಲ. ಆದರೂ ನಿಲ್ಲಲಿಲ್ಲ.

ಬೇಕರಿಯ ಮುಂದೆ ಯಾರೂ ಇರಲಿಲ್ಲ. ಹೂವು ಚೆಲ್ಲಿದ ದಾರಿ ಹಿಡಿದು ನೇರ ರುದ್ರಭೂಮಿಗೆ ಹೋದೆವು. ಗೇಟಿನಲ್ಲಿ ಗಡಗಡ ಎಂದು ನಿಂತೆ. ಹೂ ಕಟ್ಟಿದ ಕುರ್ಚಿಯಲ್ಲಿ ಕೂರಿಸಿದ ದೊಡ್ಡತಾಯಮ್ಮನನ್ನು ಗುಂಡಿಯ ಬಳಿಗೆ ಎತ್ತಿ ತಂದಿದ್ದರು. ಗೌರಮ್ಮ ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡಿದಳು. ಅವಳ ಕೈಯ ಹಳದಿ ಬಟ್ಟೆ ಕಂಡು ಶಿವಬಸಪ್ಪ ಅಡ್ಡ ಬಂದರು.

"ಮೊಖ ನೋಡ್ಕೊ ತಾಯಿ. ಅರಿಶ್ಣ ಗಿರಿಶ್ಣ ಅಂತ ಹಟ ಹಿಡೀಬ್ಯಾಡ. ನಮ್ಮಲ್ಲಿ ಅದು ಇಲ್ಲ."

"ಅರಿಶ್ಣ ಎಲ್ಲದೆ ಮಾವ? ಎಲ್ಲಾ ಆ ಕಾರು ಕುಡ್ಕತು" ಎಂದು ಅವಳು ಖಾಲಿ ಬಟ್ಟೆ ತೋರಿಸಿದಳು. ಅವರು ಪಕ್ಕಕ್ಕೆ ಸರಿದರು.

ಅವಳು ತಾಯಿಯ ಮುಂದೆ ಕುಸಿದು, ಎರಡೂ ಕೈಯಿಂದ ಆ ಮುಖವನ್ನು ಹಿಡಿದುಕೊಂಡಳು. ಸುಟ್ಟ ಬೊಬ್ಬೆಗಳೆದ್ದ, ಮೊಣಕೈವರೆಗೆ ಹಳದಿಯಾದ ಕೈಗಳು. "ಅವ್ವಾ" ಎಂದು ಒಂದೇ ಸಲ ಕೂಗಿದಳು. ಕಣ್ಣೀರಿಗೆ ಒದ್ದೆಯಾದ ಅಂಗೈ ತೆಗೆದಾಗ ದೊಡ್ಡತಾಯಮ್ಮನ ಎರಡು ಕೆನ್ನೆಗೂ ಅರಿಶಿನ ಹತ್ತಿತ್ತು. ಎಲ್ಲರೂ ನೋಡಿದರು. ಶಿವಬಸಪ್ಪನವರೂ ನೋಡಿದರು. ಒರೆಸಿ ಎಂದು ಯಾರೂ ಹೇಳಲಿಲ್ಲ. ಗುರುಮಲ್ಲಪ್ಪ ನನ್ನ ಬಾಗಿಲಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತ.

ಆ ಗೇಟಿನಿಂದ ನಾನು ನನ್ನ ಕಾಲ ಮೇಲೆ ಬರಲಿಲ್ಲ. ಎಂಜಿನ್ನಿನ ತಲೆ ಸೊಟ್ಟಗಾಗಿತ್ತು, ಪಿಸ್ಟನ್ನು ಕಚ್ಚಿಕೊಂಡಿತ್ತು. ಇಂಥ ಕಾರಿನ ಬಿಡಿಭಾಗ ಈ ದೇಶದಲ್ಲೇ ಸಿಗುವುದಿಲ್ಲ ಎಂದು ಮೆಕ್ಯಾನಿಕ್ ಕೈ ತೊಳೆದುಕೊಂಡ. ಗುಜರಿಯವನು ಎರಡು ಸಲ ಬಂದು ಹೋದ. ಅವನು ಮೂರನೆಯ ಸಲ ಬರುವ ಮೊದಲೇ ಗೌರಮ್ಮ ಲಾರಿ ತಂದು ನನ್ನನ್ನು ತನ್ನೂರಿಗೆ ಇಳಿಸಿಕೊಂಡು ಹೋದಳು. ಗುರುಮಲ್ಲಪ್ಪ ಲಾರಿಯ ಹಿಂದೆ ಕೂತು, ದಾರಿಯುದ್ದಕ್ಕೂ ನನ್ನ ಮಡ್‌ಗಾರ್ಡು ಹಿಡಿದುಕೊಂಡೇ ಬಂದ.

ಈಗ ಅವಳ ಮನೆಯ ಪಡಸಾಲೆ ಪಕ್ಕದ ಚಪ್ಪರದಲ್ಲಿದ್ದೇನೆ. ಟೈರುಗಳಲ್ಲಿ ಗಾಳಿಯಿಲ್ಲ. ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿದೆ. ತಿಂಗಳಿಗೊಮ್ಮೆ ಗುರುಮಲ್ಲಪ್ಪ ಬಂದು ಒರೆಸಿ, ಅಕ್ಕನ ಕೈಯಡುಗೆ ಉಂಡು ಹೋಗುತ್ತಾನೆ. ಓಟಕ್ಕೆಂದು ಹುಟ್ಟಿದ ನಾನು ಒಂದೇ ಒಂದು ಪಂದ್ಯದಲ್ಲೂ ಓಡಲಿಲ್ಲ ಎಂಬ ಕೊರಗು ಮೊದಲು ಇತ್ತು. ಈಗ ಅದರ ನೆನಪೂ ಆಗುವುದಿಲ್ಲ.

ಮೊನ್ನೆ ಅರಿಶಿನ ಕೊಳ್ಳಲು ಬಂದ ವ್ಯಾಪಾರಿಯೊಬ್ಬ ನನ್ನ ಸುತ್ತ ಒಂದು ಸುತ್ತು ಬಂದು, "ಅಬ್ಬಾ, ರೇಸಿನ ಕಾರು! ಎಷ್ಟು ಸ್ಪೀಡು ಓಡ್ತಿತ್ತಮ್ಮ ಇದು?" ಎಂದು ಕೇಳಿದ.

ಗೌರಮ್ಮ ಮೊರದಿಂದ ತಲೆಯೆತ್ತದೆ ಹೇಳಿದಳು: "ನಮ್ಮವ್ವನ ಮೊಖ ಸಿಗೋವಷ್ಟು ಕನಪ್ಪ."