ಎಸೆಯಬಾರದ ರೊಟ್ಟಿ

ಸತ್ತ ಹನ್ನೊಂದನೆಯ ಕೋಳಿಯನ್ನು ಅದರ ಕಾಲು ಹಿಡಿದು ಬರ್ನೋ ಗೂಡಿನಿಂದ ಹೊರಗೆ ತಂದಾಗ ಅತ್ತೆ ಖೋಸಿಯತ್ ಅಂಗಳದಲ್ಲಿ ಮುಖ ತೊಳೆಯುತ್ತಿದ್ದಳು. ಸೊಸೆಯಾದವಳು ಬೆಳಗ್ಗೆ ಅತ್ತೆಯ ಮುಂದೆ ಎದೆಗೆ ಕೈಯಿಟ್ಟು ಬಾಗಿ ಸಲಾಂ ಹೇಳಬೇಕು. ಒಂದು ಕೈಯಲ್ಲಿ ಹೆಣವಿದ್ದುದರಿಂದ ಬರ್ನೋ ಇನ್ನೊಂದು ಕೈಯಲ್ಲೇ ಆ ಶಾಸ್ತ್ರ ಮುಗಿಸಿದಳು.

"ಶುಕ್ರವಾರದವರೆಗೆ ನೋಡ್ತೀನಿ," ಅಂದಳು ಖೋಸಿಯತ್. "ಇನ್ನೊಂದು ಸತ್ರೂ ಉಳಿದದ್ದನ್ನೆಲ್ಲ ಕೊಯ್ಸಿಬಿಡ್ತೀನಿ."

ಉಳಿದದ್ದು ಇಪ್ಪತ್ತೊಂಬತ್ತು. ತವರಿನಿಂದ ಸೇಬಿನ ಪೆಟ್ಟಿಗೆಯಲ್ಲಿ ಮರಿಗಳಾಗಿ ಬಸ್ಸು ಹತ್ತಿ ಬಂದವು. ಆ ಮನೆಯಲ್ಲಿ ಬರ್ನೋ ತನ್ನದು ಅನ್ನಬಹುದಾದದ್ದು ಅವಷ್ಟೇ.

ಹತ್ತನೆಯದನ್ನು ಅವಳು ಹಿಂದಿನ ದಿನ ದನದ ಡಾಕ್ಟರ ಹತ್ತಿರ ಒಯ್ದಿದ್ದಳು. ಅವರು ಕೊಯ್ದು ನೋಡಿ, ಏನು ತಿನ್ನಿಸುತ್ತೀರಿ ಎಂದು ಕೇಳಿ, ನಿಟ್ಟುಸಿರು ಬಿಟ್ಟಿದ್ದರು. "ಬೂಷ್ಟು ಹಿಡಿದ ರೊಟ್ಟಿ, ಕೊಳೆತ ನೀರು. ಹೋಗಮ್ಮ, ನಿಮ್ಮತ್ತೆಗೆ ನೀನೇ ಹೇಳು. ನನ್ನ ಮನೇಲೂ ಅಮ್ಮ ಇದ್ದಾಳೆ."

ಅವರ ಊರು ಮಾರ್ಗಿಲಾನಿನಲ್ಲಿ ರೊಟ್ಟಿಯನ್ನು ಯಾರೂ ಕಸಕ್ಕೆ ಹಾಕುವುದಿಲ್ಲ. ನೆಲಕ್ಕೆ ಬಿದ್ದ ಚೂರನ್ನೂ ಎತ್ತಿ ಮುತ್ತಿಟ್ಟು, ಹಣೆಗೊತ್ತಿಕೊಂಡು, ಕಾಲು ತಾಗದ ಗೋಡೆಯ ಮೇಲಿಡುತ್ತಾರೆ. ಹಾಗಾಗಿ ಕೋಳಿ ಸಾಕಿದವರ ಮನೆಯೆಂದರೆ ಇಡೀ ಓಣಿಗೆ ಪಾಪ ಕಳೆಯುವ ಜಾಗ. ಹಳಸಿದ್ದು, ಹಸಿರುಗಟ್ಟಿದ್ದು ಎಲ್ಲ ಚೀಲದಲ್ಲಿ ಬಂದು ಬಾಗಿಲ ಮೊಳೆಗೆ ನೇತುಬೀಳುತ್ತಿತ್ತು. ಖೋಸಿಯತ್ ಅದನ್ನು ಕಾಲುವೆಯ ನೀರಲ್ಲಿ ನೆನೆಹಾಕಿ ತೊಟ್ಟಿಗೆ ಸುರಿಯುತ್ತಿದ್ದಳು. ನಿನ್ನೆಯದರ ಮೇಲೆ ಇವತ್ತಿನದು. ಅತ್ತೆಯ ಹಿಂದಿನ ಕೋಳಿಗಳ ಕಾಲದಿಂದಲೂ, ನಲವತ್ತು ವರ್ಷ, ಆ ತೊಟ್ಟಿ ತನ್ನ ತಳ ಕಂಡಿರಲಿಲ್ಲ.

ಅಂದು ಕಂಡಿತು. ಬರ್ನೋ ಅದನ್ನು ಬಳಿದು, ಬೂದಿ ಹಾಕಿ ತಿಕ್ಕಿ, ಕುದಿನೀರು ಹೊಯ್ದು ಬಿಸಿಲಿಗೆ ಬೋರಲು ಹಾಕಿದಳು. ಒಣ ಗೋಧಿ, ಜೋಳದ ನುಚ್ಚನ್ನು ಸಂಜೆಯೊಳಗೆ ತಿಂದು ಮುಗಿಸುವಷ್ಟೇ ಅಳೆದು, ಡಬ್ಬಿಯಲ್ಲಿ ಕೋಳಿಯ ಬೆನ್ನಿನೆತ್ತರಕ್ಕೆ ತೂಗುಹಾಕಿದಳು. ಕೆದರುವುದಕ್ಕಿಲ್ಲ, ಒಳಗೆ ಹತ್ತಿ ಹಿಕ್ಕೆ ಹಾಕುವುದಕ್ಕಿಲ್ಲ. ನಲ್ಲಿಯ ನೀರು ತುಂಬಿದ ಬೋಗುಣಿ ಎರಡು ಇಟ್ಟಿಗೆ ಮೇಲೆ ಕೂತಿತು. ಕೊನೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡಳು.

"ಊಟದ ದಸ್ತರ್‌ಖಾನೂ ಹಾಸಿಬಿಡು," ಅಂದಳು ಅತ್ತೆ ಚಹಾ ಹೀರುತ್ತ. "ತವರಿಂದ ಬಂದ ಬೀಗರು ನೆಲದ ಮೇಲೆ ಉಣ್ಣೋದು ಚೆನ್ನಾಗಿರಲ್ಲ."

ಸಂಜೆ ನೆನೆದ ರೊಟ್ಟಿಯ ಬಟ್ಟಲು ಹಿಡಿದು ಖೋಸಿಯತ್ ಬಂದಾಗ ಬರ್ನೋ ಗೂಡಿನ ಬಾಗಿಲಲ್ಲೇ ನಿಂತಿದ್ದಳು. ಈ ಸಲ ಎರಡೂ ಕೈ ಎದೆಗಿಟ್ಟು, ನೆರೆಯವರು ನೋಡಿ ಮೆಚ್ಚುವಷ್ಟು ಬಾಗಿದಳು. ದಾರಿ ಮಾತ್ರ ಬಿಡಲಿಲ್ಲ.

"ಬೂಷ್ಟು ಬಂದಿದೆ, ಅತ್ತೆ."

"ರೊಟ್ಟಿ ಕೊಲ್ಲುತ್ತೆ ಅಂತೀಯ? ಆ ಬಾಯಿಂದಲೇ ನಾಳೆ ಅದನ್ನ ತಿನ್ನಬೇಕು ನೀನು."

"ನೀವೊಂದು ಚೂರು ಬಾಯಿಗೆ ಹಾಕ್ಕೊಳ್ಳಿ. ದಾರಿ ಬಿಡ್ತೀನಿ."

ಖೋಸಿಯತ್ ಬಟ್ಟಲನ್ನು ಮೂಗಿನವರೆಗೆ ತಂದಳು. ಅಲ್ಲಿಂದ ಮುಂದಕ್ಕೆ ಅದು ಹೋಗಲಿಲ್ಲ. ಅವಳ ದನಿ ಇಳಿಯಿತು. "ಮತ್ತೆ ಏನ್ ಮಾಡ್ಲಿ? ಕಸಕ್ಕೆ ಹಾಕ್ಲಾ ಇದನ್ನ?"

ಬರ್ನೋ ಉತ್ತರವನ್ನು ಮಧ್ಯಾಹ್ನವೇ ಅಗೆದಿಟ್ಟಿದ್ದಳು. ಹಿಪ್ಪುನೇರಳೆ ಮರದ ಹಿಂದೆ, ಗೋಡೆಯ ಮೂಲೆಯಲ್ಲಿ, ಯಾರೂ ತುಳಿಯದ ಕಡೆ ಒಂದು ಗುಂಡಿ. ಬಟ್ಟಲು ಇಸಿದುಕೊಂಡು ಮೊಣಕಾಲೂರಿ, ಮಲಗಿಸುವ ಹಾಗೆ ರೊಟ್ಟಿಯನ್ನು ಅದರಲ್ಲಿಟ್ಟು, ಮಣ್ಣು ಮುಚ್ಚಿ, ಕೋಳಿ ಕೆದರದಂತೆ ಮೇಲೊಂದು ಚಪ್ಪಡಿ ಎಳೆದಳು. ಅತ್ತೆ ಖಾಲಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಶುಕ್ರವಾರ ಖೋಸಿಯತ್ ಕೋಳಿಗಳನ್ನು ಮೂರು ಸಲ ಎಣಿಸಿದಳು. ಮೂರು ಸಲವೂ ಇಪ್ಪತ್ತೊಂಬತ್ತೇ ಬಂತು. ಕತ್ತಿಯ ಮಾತು ಎತ್ತಲಿಲ್ಲ.

ಶನಿವಾರ ಬಾಗಿಲಿಗೆ ಮತ್ತೊಂದು ಚೀಲ ನೇತುಬಿದ್ದಿತ್ತು. ನಲ್ಲಿಯ ಬಳಿ ಬೋಗುಣಿ ತೊಳೆಯುತ್ತಿದ್ದ ಬರ್ನೋ ತಲೆಯೆತ್ತಲಿಲ್ಲ; ಕಣ್ಣಷ್ಟೇ ಎತ್ತಿದಳು. ಖೋಸಿಯತ್ ಒಂದೊಂದೇ ರೊಟ್ಟಿಯನ್ನು ತಿರುಗಿಸಿ ನೋಡಿ, ಮೂಸಿ, ಒಳ್ಳೆಯದನ್ನು ಬಿಳಿ ಬಟ್ಟೆಯ ಮೇಲೆ ಬಿಸಿಲಿಗೆ ಹರವಿದಳು. ಬೂಷ್ಟು ಹಿಡಿದ ಮೂರು ಅವಳ ಮಡಿಲಲ್ಲೇ ಉಳಿದವು. ಮಡಿಲು ಹಿಡಿದುಕೊಂಡು ಗೂಡಿನ ಮುಂದೆ ಒಂದು ಗಳಿಗೆ ನಿಂತಳು, ಕೋಳಿಗಳು ಓಡೋಡಿ ಬಂದವು. ಅವಳು ಮುಂದೆ ನಡೆದು, ಮರಕ್ಕೆ ಕೈಯೂರಿ, ಮೆಲ್ಲಗೆ ಚಪ್ಪಡಿಯ ಪಕ್ಕ ಕೂತಳು.

ತಂತಿಬಲೆಯ ಹಿಂದೆ ಇಪ್ಪತ್ತೊಂಬತ್ತು ಕತ್ತುಗಳು ಅವಳ ಮಡಿಲಿನತ್ತಲೇ ತಿರುಗಿಕೊಂಡಿದ್ದವು.